ಬೇಸಿಗೆಯಲ್ಲಿ ನಿಧಾನವಾಗಿ, ಸರಳವಾಗಿ ಕೆಲಸ ಮಾಡುವುದು ಹೇಗೆ? ಬಲ್ಲವರು ಹೇಳಿ

ಕೇಳಿದವರು:
ಬೆಳಿಗ್ಗೆ ಕೈತೋಟದಲ್ಲಿ ಅಗೆತ, ಆಮೇಲೆ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೆಲಸ, ಸಂಜೆ ಮನೆಗೆಲಸ. ಬೇಸಿಗೆ ಶುರುವಾಗಿ ಮೂರೇ ದಿನಕ್ಕೆ ಮೈ ಸೋಲುತ್ತದೆ, ಮೂರೂ ಕೆಲಸ ಅರ್ಧಂಬರ್ಧ ಆಗುತ್ತವೆ. ಹೊಸ ಸಾಮಾನು ಕೊಳ್ಳದೆ, ಇರುವುದರಲ್ಲೇ ನೆಮ್ಮದಿಯಾಗಿ ಬೇಸಿಗೆ ಕಳೆಯಬೇಕು ಅಂತ ಆಸೆ. ಏನನ್ನು ಬಿಡಬೇಕು, ಎಷ್ಟು ಬಿಡಬೇಕು? ದಯವಿಟ್ಟು ಅಳತೆ ಸಮೇತ ಹೇಳಿ.

ಕಟ್ಟಡ ಕೆಲಸದ ಮೇಸ್ತ್ರಿ:
ಸ್ನಾಯು ಖರ್ಚು ಮಾಡುವ ಶಕ್ತಿಯಲ್ಲಿ ನಿಜವಾದ ಕೆಲಸಕ್ಕೆ ಸಲ್ಲುವುದು ಹೆಚ್ಚೆಂದರೆ ಕಾಲು ಭಾಗ. ಮಿಕ್ಕ ಮುಕ್ಕಾಲು ಮೈಯೊಳಗೇ ಶಾಖವಾಗುತ್ತದೆ. ಹೊರಗಿನ ಧಗೆಗೆ ನಮ್ಮ ಅವಸರದ ಧಗೆಯೂ ಸೇರಿಕೊಳ್ಳುತ್ತದೆ. ಆದ್ದರಿಂದ ಕೆಲಸವನ್ನು ಬಿಡುವ ಮುಂಚೆ ವೇಗವನ್ನು ಇಳಿಸಿ. ಗುದ್ದಲಿ ನಿಮಿಷಕ್ಕೆ ಇಪ್ಪತ್ತು ಸಲ ಏಳುತ್ತಿದ್ದರೆ ಹನ್ನೆರಡಕ್ಕೆ ತನ್ನಿ. ಎರಡು ಬುಟ್ಟಿ ಮಣ್ಣನ್ನು ಒಟ್ಟಿಗೆ ಹೊರುವ ಬದಲು ಒಂದೊಂದೇ ಹೊರಿ. ವೇಗ ಸರಿಯಿದೆಯಾ ಅಂತ ತಿಳಿಯಲು, ಕೆಲಸ ಮಾಡುತ್ತಲೇ ಒಂದು ಪೂರ್ತಿ ಮಾತು ಆಡಿ ನೋಡಿ. ನಡುವೆ ಏದುಸಿರು ಬಂದರೆ ಇನ್ನೂ ಇಳಿಸಬೇಕು.

ಮೂರನೇ ದಿನ ಸೋಲುವುದಕ್ಕೆ ಮುಖ್ಯ ಕಾರಣ, ಮೊದಲ ದಿನವೇ ಪೂರ್ತಿ ಕೆಲಸಕ್ಕೆ ಇಳಿಯುವುದು. ಮೈ ಸೆಕೆಗೆ ಒಗ್ಗಲು 7ರಿಂದ 14 ದಿನ ಬೇಕು. ಹೊಸಬರು ಮೊದಲ ದಿನ ಮಾಮೂಲಿ ಹೊತ್ತಿನ ಶೇ. 20ರಷ್ಟು ಮಾತ್ರ ಬಿಸಿಲಲ್ಲಿ ಇರಬೇಕು, ಆಮೇಲೆ ದಿನಕ್ಕೆ ಶೇ. 20ಕ್ಕಿಂತ ಹೆಚ್ಚು ಏರಿಸಬಾರದು. ಎರಡೂವರೆ ಗಂಟೆಯ ತೋಟದ ಕೆಲಸವಾದರೆ ಮೊದಲ ದಿನ ಅರ್ಧ ಗಂಟೆ, ಮರುದಿನ ಒಂದು ಗಂಟೆ, ಹೀಗೆ ಐದನೇ ದಿನಕ್ಕೆ ಪೂರ್ತಿ. ಅಭ್ಯಾಸವಿದ್ದು ಸ್ವಲ್ಪ ಕಾಲ ಬಿಟ್ಟು ಬಂದವರಿಗೆ ಮೊದಲ ದಿನ ಶೇ. 50, ಎರಡನೇ ದಿನ 60, ಮೂರನೇ ದಿನ 80, ನಾಲ್ಕನೇ ದಿನ 100ರ ಲೆಕ್ಕ. ಒಗ್ಗಿದ ಮೈ ಬೇಗ ಬೆವರುತ್ತದೆ, ಹೆಚ್ಚು ಬೆವರುತ್ತದೆ, ಬೆವರಿನಲ್ಲಿ ಉಪ್ಪೂ ಕಡಿಮೆ ಹೋಗುತ್ತದೆ. ಒಂದು ವಾರ ಬಿಟ್ಟರೆ ಈ ಗುಣ ಇಳಿಯತೊಡಗುತ್ತದೆ, ಅದಕ್ಕೇ ರಜೆ ಮುಗಿಸಿ ಬಂದ ಮೊದಲ ದಿನ ಬಹಳ ಜೋಪಾನ.

ಇನ್ನೊಂದು ಸಾಮಾನ್ಯ ತಪ್ಪು: ಹನ್ನೆರಡಕ್ಕೆ ನಿಲ್ಲಿಸಿ ಎರಡಕ್ಕೆ ಮತ್ತೆ ಶುರು ಮಾಡುವುದು. ಸೂರ್ಯ ನೆತ್ತಿಯ ಮೇಲೆ ಬರುವುದು ನಡು ಮಧ್ಯಾಹ್ನ ನಿಜ, ಆದರೆ ಗಾಳಿ ಅತಿ ಹೆಚ್ಚು ಕಾಯುವುದು ಅದಾದ ಎರಡು ಮೂರು ಗಂಟೆ ಬಿಟ್ಟು. ನೀವು ಮರಳುವುದು ಸರಿಯಾಗಿ ಆ ಹೊತ್ತಿಗೆ. ಹೊತ್ತು ಇಳಿಯುವ ತನಕ ಹೊರಗಿನ ಕೆಲಸ ಬೇಡ.

ಆಸ್ಪತ್ರೆಯಲ್ಲಿ ನರ್ಸ್:
ಮೇಸ್ತ್ರಿಗಳು ಬೆವರಿನ ಮಾತು ಎತ್ತಿದ್ದಾರೆ, ಅದಕ್ಕೆ ಒಂದು ಸೇರಿಸುತ್ತೇನೆ. ಬೆವರು ಆವಿಯಾದರೆ ಮಾತ್ರ ಮೈ ತಣಿಯುತ್ತದೆ. ತೊಟ್ಟಿಕ್ಕಿ ಕೆಳಗೆ ಬಿದ್ದ ಬೆವರಿನಿಂದ ಏನೂ ಉಪಯೋಗ ಇಲ್ಲ. ಗಾಳಿಯಲ್ಲಿ ತೇವ ಹೆಚ್ಚಿರುವ ಕಡೆ ಉಷ್ಣಾಂಶ ಕಡಿಮೆ ಇದ್ದರೂ ವೇಗ ಇನ್ನಷ್ಟು ಇಳಿಸಬೇಕು ಅನ್ನುವುದು ಇದಕ್ಕೇ.

ನೀರು: ಹೊರಗೆ ಕೆಲಸದಲ್ಲಿರುವಾಗ 15–20 ನಿಮಿಷಕ್ಕೊಂದು ಲೋಟ, ಸುಮಾರು 240 ಮಿ.ಲೀ. ಬಾಯಾರಿಕೆಗೆ ಕಾಯಬೇಡಿ. ಹಾಗಂತ ಗಂಟೆಗೆ ಒಂದೂವರೆ ಲೀಟರ್ ದಾಟಲೂಬಾರದು, ರಕ್ತದಲ್ಲಿನ ಸೋಡಿಯಂ ತೆಳುವಾಗಿ ಅದೇ ಅಪಾಯವಾಗುತ್ತದೆ. ಹೊತ್ತುಹೊತ್ತಿಗೆ ಊಟ ಮಾಡುವವರಿಗೆ ಸಾಮಾನ್ಯವಾಗಿ ಊಟದ ಉಪ್ಪೇ ಸಾಕು, ಉಪ್ಪಿನ ಮಾತ್ರೆ ನುಂಗಬೇಡಿ. ಹೃದಯದ ಅಥವಾ ಮೂತ್ರಪಿಂಡದ ತೊಂದರೆ ಇದ್ದವರು, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ನೀರಿನ ಅಳತೆಯನ್ನು ವೈದ್ಯರಿಂದಲೇ ಕೇಳಿಕೊಳ್ಳಬೇಕು.

ತಲೆಸುತ್ತು, ವಾಕರಿಕೆ, ಸ್ನಾಯು ಹಿಡಿತ ಬಂದರೆ ಆ ದಿನದ ಕೆಲಸ ಅಲ್ಲಿಗೇ ಮುಗಿಯಿತು ಅಂದುಕೊಳ್ಳಿ. ಮಾತು ತೊದಲಿದರೆ, ಎಲ್ಲಿದ್ದೇವೆ ಅನ್ನುವುದೇ ಗೊತ್ತಾಗದಿದ್ದರೆ ಅದು ಸುಸ್ತಲ್ಲ, ಶಾಖಾಘಾತ. ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ. ಅದು ಬರುವ ತನಕ ಕಾಯದೆ ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಮನೆಯಿಂದ ಕೆಲಸ ಮಾಡುವವರು:
ಕಂಪ್ಯೂಟರ್ ಕೆಲಸಕ್ಕೂ ಇದೇ ನಿಯಮ. ರಾತ್ರಿ ಸೆಕೆಗೆ ನಿದ್ದೆ ಕೆಟ್ಟಿದ್ದರೆ ಮರುದಿನ ಮೊದಲು ಕೈಕೊಡುವುದು ಗಮನ. ದಿನಕ್ಕೆ ಮೂರೇ ಕೆಲಸ ಬರೆದುಕೊಳ್ಳಿ. ತಲೆ ಓಡಿಸಬೇಕಾದ ಒಂದನ್ನು ತಂಪು ಹೊತ್ತಿನಲ್ಲಿ ಮುಗಿಸಿ, ಕೈಗೆ ರೂಢಿಯಾದ ಎರಡನ್ನು ಮಧ್ಯಾಹ್ನಕ್ಕೆ ಇಡಿ. ನಾಲ್ಕನೆಯದು ಬಂದರೆ ನಾಳೆಯ ಚೀಟಿಗೆ. ತೋಟದ ಅಗೆತವೂ ತಲೆ ಕೆಲಸವೂ ಒಂದೇ ಬೆಳಗಿಗೆ ಜಗಳವಾಡುತ್ತವಲ್ಲ, ಅದಕ್ಕೆ ದಿನ ಬಿಟ್ಟು ದಿನ ಮಾಡಿಕೊಳ್ಳಿ. ನಿಮ್ಮ ಕೆಲಸ ಅರ್ಧಂಬರ್ಧ ಆಗುತ್ತಿರುವುದು ಇಲ್ಲೇ ಅನಿಸುತ್ತದೆ.

ಮಧ್ಯಾಹ್ನ 20 ನಿಮಿಷ ಕಣ್ಣು ಮುಚ್ಚಿ, ಅಲಾರಂ ಇಟ್ಟುಕೊಂಡು. ಮುಕ್ಕಾಲು ಗಂಟೆ ದಾಟಿದರೆ ಗಾಢ ನಿದ್ದೆಯಿಂದ ಏಳಬೇಕಾಗಿ ತಲೆ ಭಾರವಾಗುತ್ತದೆ.

ಮನೆ ಕಟ್ಟುವ ಎಂಜಿನಿಯರ್:
ಕೋಣೆಯಲ್ಲಿ ಉರಿಯುವ ಪ್ರತಿ ವ್ಯಾಟ್ ಕೊನೆಗೆ ಶಾಖವಾಗಿ ಅದೇ ಕೋಣೆಯಲ್ಲಿ ಉಳಿಯುತ್ತದೆ. 200 ವ್ಯಾಟ್ ಎಳೆಯುವ ಕಂಪ್ಯೂಟರ್ ಅಂದರೆ 200 ವ್ಯಾಟಿನ ಹೀಟರ್ ಇದ್ದಂತೆ. ಬೇಡದ್ದನ್ನು ಆರಿಸುವುದೇ ಖರ್ಚಿಲ್ಲದ ತಂಪು.

ಕಿಟಕಿಯನ್ನು ಗಡಿಯಾರ ನೋಡಿ ತೆರೆಯಬೇಡಿ. ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಾದ ಕೂಡಲೇ ಮುಚ್ಚಿ, ತಣ್ಣಗಾದ ಕೂಡಲೇ ಎದುರುಬದುರಿನ ಎರಡನ್ನು ತೆರೆಯಿರಿ. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಪರದೆ ಎಳೆದರೆ ಶಾಖದ ಬಹುಪಾಲು ಆಗಲೇ ಒಳಗಿರುತ್ತದೆ. ಆದ್ದರಿಂದ ಹಳೆಯ ಬಟ್ಟೆಯನ್ನೇ ಗಾಜಿನ ಹೊರಗಡೆ, ಒಂದು ಗೇಣು ಬಿಟ್ಟು ಕಟ್ಟಿ. ಗಾಳಿ 40 ಡಿಗ್ರಿ ದಾಟಿದರೆ ಬರೀ ಫ್ಯಾನ್ ಮೈಗೆ ಬಿಸಿಯನ್ನೇ ತಳ್ಳುತ್ತದೆ, ಆಗ ಒದ್ದೆ ಬಟ್ಟೆಯಿಂದ ಕೈಕಾಲು, ಕುತ್ತಿಗೆ ಒರೆಸಿಕೊಳ್ಳುವುದೇ ಮೇಲು.

ತೋಟದ ಕೆಲಸ ಬಲ್ಲವರು:
ಏನನ್ನು ಬಿಡಬೇಕು ಅಂತ ಕೇಳಿದ್ದೀರಿ. ಬೇಸಿಗೆಯಲ್ಲಿ ಅಗೆತವನ್ನೇ ಬಿಡಿ. ಅಗೆದ ಮಣ್ಣು ಬೇಗ ಒಣಗುತ್ತದೆ, ನಿಮ್ಮ ಬೆವರೂ ದಂಡ. ಹೊಸ ಪಾತಿ ಬೇಡ. ಇರುವುದರಲ್ಲಿ ಚೆನ್ನಾಗಿ ನೋಡಿಕೊಳ್ಳಲು ಆಗುವಷ್ಟು ಗಿಡ ಮಾತ್ರ ಇರಲಿ. ಬುಡಕ್ಕೆ 5ರಿಂದ 8 ಸೆಂ.ಮೀ. ದಪ್ಪ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಕಾಂಡ ಕೊಳೆಯುತ್ತದೆ. ದಿನಾ ಚಿಮುಕಿಸುವ ನೀರು ಮೇಲ್ಪದರದಲ್ಲೇ ಆರಿ, ಬೇರು ಮೇಲಕ್ಕೇ ಬರುತ್ತದೆ. ಬೆರಳನ್ನು 5 ಸೆಂ.ಮೀ. ಆಳಕ್ಕೆ ಚುಚ್ಚಿ, ಅಲ್ಲಿಯೂ ಒಣಗಿದ್ದರೆ ಮಾತ್ರ, ಬೆಳಗಿನ ಹೊತ್ತು ಚೆನ್ನಾಗಿ ನೆನೆಯುವಷ್ಟು ಹಾಕಿ. ಕುಂಡದ ಗಿಡಗಳಿಗೆ ಮಾತ್ರ ಈ ಪರೀಕ್ಷೆ ದಿನವೂ ಬೇಕು.

ಒಂದು ದಿನ ಸೀಮೆಸುಣ್ಣ ಹಿಡಿದು, ಗಂಟೆಗೊಮ್ಮೆ ನೆರಳಿನ ಅಂಚಿಗೆ ಗೆರೆ ಎಳೆಯಿರಿ. ಯಾವ ಹೊತ್ತಿಗೆ ಯಾವ ಮೂಲೆಯಲ್ಲಿ ಕೆಲಸ ಅನ್ನುವುದನ್ನು ಆ ಗೆರೆಗಳೇ ತೋರಿಸುತ್ತವೆ. ಸೂರ್ಯನ ದಾರಿ ಸರಿಯುವುದರಿಂದ ತಿಂಗಳಿಗೊಮ್ಮೆ ಹೊಸದಾಗಿ ಎಳೆಯಬೇಕು.

ಕೇಳಿದವರು:
ಎಲ್ಲರಿಗೂ ಧನ್ಯವಾದ. ನಾನು ಎಷ್ಟು ನೀರು ಹಾಕಿದರೂ ಪಕ್ಕಕ್ಕೆ ಹರಿದುಹೋಗುತ್ತದೆ, ಬುಡ ಒಣಗಿಯೇ ಇರುತ್ತದೆ. ಯಾಕೆ?

ತೋಟದ ಕೆಲಸ ಬಲ್ಲವರು:
ಪೂರ್ತಿ ಒಣಗಿದ ಮಣ್ಣು ನೀರನ್ನು ಒಲ್ಲೆನ್ನುತ್ತದೆ. ಅವಸರದಲ್ಲಿ ಸುರಿದರೆ ಹರಿದೇ ಹೋಗುತ್ತದೆ. ಎರಡು ಸಲ ಹಾಕಿ. ಮೊದಲು ಗಿಡಕ್ಕೊಂದು ಚೊಂಬು, ಬುಡದ ಸುತ್ತ, ತೆಳುವಾಗಿ. ಆಮೇಲೆ ಹತ್ತು ನಿಮಿಷ ಪಕ್ಕದಲ್ಲೇ ಕೂತು ನೋಡಿ: ನೀರು ದೂಳು ಮೆತ್ತಿದ ಗುಂಡು ಹನಿಗಳಾಗಿ ಮೇಲೆಯೇ ನಿಂತಿರುತ್ತದೆ, ಹನಿಯ ಅಂಚು ಮೆಲ್ಲಗೆ ಕಪ್ಪಾಗುತ್ತದೆ, ಕಪ್ಪು ಹರಡುತ್ತದೆ, ಸಣ್ಣ ಗುಳ್ಳೆಗಳು ಮೇಲೆ ಬರುತ್ತವೆ, ನೆನೆದ ಮಣ್ಣಿನ ವಾಸನೆ ಏಳುತ್ತದೆ. ಗುಳ್ಳೆ ನಿಂತ ಮೇಲೆ ಉಳಿದ ನೀರು ಹಾಕಿ, ಅಷ್ಟೂ ಒಳಗೆ ಇಳಿಯುತ್ತದೆ. ಆ ಹತ್ತು ನಿಮಿಷದಲ್ಲಿ ಬೇರೆ ಕೆಲಸ ಹಚ್ಚಿಕೊಳ್ಳಬೇಡಿ, ಫೋನ್ ಒಳಗೇ ಇರಲಿ.