ದಿನಾ ದೇವರ ಮ್ಯಾಲೆ ಭಾರ ಹಾಕೋದು ಹೆಂಗ್ರಿ?

ಬೀದರ್ ಹುಡುಗ: ಎಲ್ಲರಿಗೂ ವಂದನೆ. ಹುಮ್ನಾಬಾದ್ ಕಡೆ ಫ್ಯಾಕ್ಟರ್ಯಾಗ ಶಿಫ್ಟ್ ಡ್ಯೂಟಿ ನಂದು, ಭಾನುವಾರ ಚರ್ಚಿಗೆ ಹೋದ್ರ ಮನಸ್ಸು ತುಂಬಿ ಬರ್ತದ ಆದ್ರ ಮಂಗಳವಾರದೊಳಗ ಎಲ್ಲಾ ಇಳಿದು ಹೋಗಿರ್ತದ, ಇಎಂಐ ಮೆಸೇಜ್ ಬಂದಾಗಷ್ಟೇ ದೇವ್ರು ನೆನಪಾಗ್ತಾನ. ದಿನಾ ಅವನ್ನೇ ನಂಬ್ಕೊಂಡು ಇರ್ಬೇಕಂದ್ರ ಕರೆಕ್ಟಾಗಿ ಏನ್ ಮಾಡ್ಬೇಕು?

ಭಾಲ್ಕಿ ಅಕ್ಕ: ತಮ್ಮಾ, ಬೈಬಲಿನ ವಿಮೋಚನಕಾಂಡ 16ನೇ ಅಧ್ಯಾಯ ಓದು. ಅಡವ್ಯಾಗ ಇಸ್ರಾಯೇಲ್ ಮಂದಿಗೆ ದೇವ್ರು ಕೊಟ್ಟ ಊಟ ಮನ್ನ, ಅದನ್ನ ಅವತ್ತಿಂದು ಅವತ್ತೇ ಕೂಡಿಸ್ಬೇಕಿತ್ತು, ನಾಳಿಗಂತ ಇಟ್ಟವರದು ಹುಳ ಬಿದ್ದು ನಾರ್ತು, ಸಬ್ಬತ್ತಿನ (ವಾರದ ವಿಶ್ರಾಂತಿ ದಿನದ) ಹಿಂದಿನ ದಿನ ಅಷ್ಟೇ ಡಬಲ್. ನಿಂದು ಭಾನುವಾರದ್ದು ಶನಿವಾರ ತನಕ ಸಾಲ್ಬೇಕು ಅನ್ನೋ ಲೆಕ್ಕ. ಯೇಸು ಕಲಿಸಿದ ಪ್ರಾರ್ಥನ್ಯಾಗೂ ಒಂದು ದಿನದ ಊಟಾನೇ ಕೇಳ್ತೀವಿ, ತಿಂಗಳ ರೇಷನ್ ಅಲ್ಲ 😄

ಕಲಬುರಗಿ ಮಂದಿ: ಅಕ್ಕಾರು ಹೇಳಿದ್ದು ಖರೇ, ಆದ್ರ ಶಿಫ್ಟ್ ಇದ್ದವ್ರಿಗೆ ಮುಂಜಾನಿ 5ಕ್ಕೇ ಏಳಬೇಕಂತ ಯಾರೂ ರೂಲ್ ಹಾಕಬ್ಯಾಡ್ರಿ. ಬೈಬಲಿನ ಪ್ರವಾದಿ ದಾನಿಯೇಲ ದಿನಕ್ಕ 3 ಸಲ ಪ್ರಾರ್ಥನೆಗೆ ಮೊಣಕಾಲೂರತಿದ್ದ, ನಿನಗ ಯಾವ ಟೈಮ್ ಸಿಗ್ತದೋ ಅದನ್ನ ಹಿಡ್ಕೋ. ಬೈಬಲಿನ ಕೀರ್ತನೆಗಳ ಪುಸ್ತಕದಾಗ ದಿನಾ 5 ಕೀರ್ತನೆ ಓದಿದ್ರ 150 ಒಂದು ತಿಂಗಳದಾಗ ಮುಗೀತಾವ, 119ನೇದು ಮಾತ್ರ 176 ವಚನ ಅದ, ಅದನ್ನ ಹಂಚ್ಕೊಂಡು ಓದು. ಮತ್ತ ಇಎಂಐ ಮಾತೂ ಅವನಿಗೇ ಹೇಳಪ, ಮುಚ್ಚಿಡೋದ್ಯಾಕ? 13ನೇ ಕೀರ್ತನೆ ನೋಡು, ಇನ್ನೂ ಎಲ್ಲಿ ತನಕ ಅಂತ ದೇವರಿಗೇ ನೇರ ಕೇಳ್ಯಾರ.

ಬೀದರ್ ಹುಡುಗ: ಅಣ್ಣಾ, ನೈಟ್ ಶಿಫ್ಟಿನ್ಯಾಗ ಓದಾಕ ಆಗಂಗಿಲ್ಲ, ಮೊಬೈಲ್ ಗೇಟಿನ್ಯಾಗೇ ಇಡಿಸ್ಕೋತಾರ.

ಭಾಲ್ಕಿ ಅಕ್ಕ: ಹಂಗಿದ್ರ ಒಂದು ವಚನ ಚೀಟಿ ಮ್ಯಾಲೆ ಬರ್ಕೊಂಡು ಕಿಸೆದಾಗ ಹಾಕ್ಕೋ, ಚಹಾ ಟೈಮಿಗೆ ತೆಗೆದು ನೋಡು. ಬೈಬಲಿನ ಪ್ರಲಾಪಗಳು 3:22-23ರಿಂದ ಶುರು ಮಾಡು, ದೇವರ ಕರುಣೆ ದಿನಾ ಮುಂಜಾನಿ ಹೊಸದು ಅಂತ ಅದರಾಗ ಅದ.