ಪೇ ಸ್ಟಬ್ (ಸಂಬಳದ ಚೀಟಿ) ಇಲ್ಲದವರ ಆದಾಯವನ್ನು ಹೇಗೆ ಬರೆದುಕೊಳ್ಳುತ್ತೀರಿ?

ಹಾಸನದವಳು:
ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ನ ಒಂದು ಕಮ್ಯುನಿಟಿ ಹೆಲ್ತ್ ಸೆಂಟರ್‌ನ ಫ್ರಂಟ್ ಡೆಸ್ಕ್‌ನಲ್ಲಿದ್ದೇನೆ. ಸೇರಿ ಐದು ತಿಂಗಳಾಯಿತು. ಆದಾಯ ಕಡಿಮೆ ಇದ್ದವರಿಗೆ ಇಲ್ಲಿ ಶುಲ್ಕದಲ್ಲಿ ರಿಯಾಯಿತಿ ಇದೆ, ಅದಕ್ಕೆ ಆದಾಯದ ಪುರಾವೆ ಕೇಳುತ್ತೇವೆ.

ಕಳೆದ ಮಂಗಳವಾರ ಮನೆಗಳಿಗೆ ಬಣ್ಣ ಬಳಿಯುವವರೊಬ್ಬರು ಬಂದಿದ್ದರು. ಶುಗರ್ ಇದೆ, ಮಾತ್ರೆ ಮುಗಿದಿದೆ, ಇನ್ಶೂರೆನ್ಸ್ ಇಲ್ಲ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಕೂಲಿ ಕೈಗೇ ಕೊಡುತ್ತಾರೆ, ಹಾಗಾಗಿ ಪೇ ಸ್ಟಬ್ ಇಲ್ಲ. ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದರು. ಪೆನ್ಸಿಲಿನಲ್ಲಿ ದಿನ ದಿನದ ಲೆಕ್ಕ: 110, 110, 110. ಎರಡು ಕಡೆ ‘ಯೂವಿಯಾ’ ಅಂತಿತ್ತು. ಸ್ಪ್ಯಾನಿಷ್‌ನಲ್ಲಿ ಮಳೆ ಅಂತ. ಅವತ್ತು ಕೂಲಿ ಇಲ್ಲ. ನಾಲ್ಕು ವಾರಕ್ಕೆ ಒಟ್ಟು 2,200 ಡಾಲರ್.

ಇದು ಪುರಾವೆ ಅಲ್ಲ, ಪೂರ್ತಿ ಬಿಲ್ ಹಾಕು ಅಂದರು ನಮ್ಮ ಮೇಲಿನವರು. ಹಾಕಿದೆ. ಬಣ್ಣ ಬಳಿಯುವವರು ಬಿಲ್ಲನ್ನು ಎರಡು ಸಲ ನೋಡಿ, ಅದೇ ನೋಟ್‌ಬುಕ್‌ನೊಳಗೆ ಮಡಚಿಟ್ಟುಕೊಂಡರು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಿಯಮ ನಿಜವಾಗಿಯೂ ಹೀಗೇ ಇದೆಯಾ?

ಬಿಲ್ಲಿಂಗ್ ಅಣ್ಣ:
ಇಲ್ಲ ತಂಗಿ. ಫೆಡರಲ್ ಗ್ರಾಂಟ್ (ಕೇಂದ್ರ ಸರ್ಕಾರದ ಅನುದಾನ) ಪಡೆಯುವ ಸೆಂಟರ್‌ಗಳು ನೋಡಬೇಕಾದ್ದು ಎರಡೇ: ಆದಾಯ ಎಷ್ಟು, ಮನೆಯಲ್ಲಿ ಎಷ್ಟು ಜನ. ಯಾವುದನ್ನು ಪುರಾವೆ ಅಂತ ಒಪ್ಪಬೇಕು ಅನ್ನುವುದನ್ನು ನಿಮ್ಮ ಬೋರ್ಡ್ ಒಪ್ಪಿದ ಪಾಲಿಸಿ ಹೇಳುತ್ತದೆ. ರೋಗಿಯೇ ಬರೆದು ಸಹಿ ಹಾಕಿದ ಹೇಳಿಕೆಯನ್ನೂ ಪಾಲಿಸಿಯಲ್ಲಿದ್ದರೆ ಒಪ್ಪಬಹುದು. ಆ ಪಾಲಿಸಿಯನ್ನು ಕೇಳಿ ತರಿಸಿಕೊಂಡು ನೀವೇ ಓದಿ. ಬಾಯಿಮಾತು ನಂಬಬೇಡಿ.

ಲೆಕ್ಕ ನೋಡಿ. ವಾರಕ್ಕೆ 550, ವರ್ಷಕ್ಕೆ 28,600. ಸರ್ಕಾರದ 2025ರ ಪಟ್ಟಿಯಲ್ಲಿ ನಾಲ್ಕು ಜನರ ಮನೆಗೆ ಬಡತನದ ಗೆರೆ 32,150 ಡಾಲರ್ ಇತ್ತು. ಅಂದರೆ ಅವರು ಗೆರೆಯ ಕೆಳಗೇ ಇದ್ದಾರೆ. ಅಂಥವರಿಗೆ ಪೂರ್ತಿ ಮಾಫಿ, ಇಲ್ಲವೇ ಹೆಸರಿಗಷ್ಟು ಒಂದು ಚಿಕ್ಕ ಶುಲ್ಕ. ಅಲ್ಲಿಂದ ಅದರ ಎರಡರಷ್ಟು, ಅಂದರೆ ಆ ಪಟ್ಟಿಯ ಪ್ರಕಾರ 64,300ರ ತನಕ ಕನಿಷ್ಠ ಮೂರು ಹಂತದ ರಿಯಾಯಿತಿ. ಅದಕ್ಕಿಂತ ಜಾಸ್ತಿ ಇದ್ದವರಿಗೆ ಮಾತ್ರ ಈ ರಿಯಾಯಿತಿ ಇಲ್ಲ.

ಡಲ್ಲಾಸ್ ಅಕ್ಕ:
ಇನ್ನೊಂದು ಮಾತು. ಬ್ಯಾಂಕಿನಲ್ಲಿ ಎಷ್ಟಿದೆ, ಸ್ವಂತ ಗಾಡಿ ಇದೆಯಾ ಅಂತ ಕೇಳಬೇಡಿ, ಅದು ಲೆಕ್ಕಕ್ಕೆ ಬರುವುದಿಲ್ಲ. ಇನ್ಶೂರೆನ್ಸ್ ಇದ್ದವರನ್ನೂ ಸುಮ್ನೆ ಬಿಟ್ಟುಬಿಡಬೇಡಿ, ಅವರೂ ಅರ್ಜಿ ಹಾಕಬಹುದು. ಫೈಲ್‌ನಲ್ಲಿ ತಾರೀಖು, ಅವರು ಹೇಳಿದ ಮೊತ್ತ, ನೀವು ಹಾಕಿದ ಗುಣಾಕಾರ, ಇಬ್ಬರ ಸಹಿ ಇರಲಿ. ‘ಪೇ ಸ್ಟಬ್ ಇಲ್ಲ’ ಅಂತಷ್ಟೇ ಬರೆದರೆ ತಪಾಸಣೆಗೆ ಬಂದವರಿಗೆ ಏನೂ ಗೊತ್ತಾಗುವುದಿಲ್ಲ. ಯಾಕೆ ಇಲ್ಲ ಅನ್ನುವುದನ್ನೂ ಒಂದು ಸಾಲು ಬರೆಯಿರಿ.

ಹಾಸನದವಳು:
ಅಣ್ಣ, ಅಕ್ಕ, ತುಂಬಾ ಥ್ಯಾಂಕ್ಸ್. ಪಾಲಿಸಿ ಓದಿದೆ. ಸ್ವಂತ ಹೇಳಿಕೆಯ ಫಾರ್ಮ್ ಕೊನೆಯ ಪುಟದಲ್ಲೇ ಇತ್ತು, ಡೆಸ್ಕಿಗೆ ಯಾರೂ ತಂದಿಟ್ಟಿರಲಿಲ್ಲ ಅಷ್ಟೇ. ಮೇಲಿನವರಿಗೆ ತೋರಿಸಿದೆ, ಒಪ್ಪಿದರು. ಇಪ್ಪತ್ತು ಪ್ರತಿ ತೆಗೆದು ಇಟ್ಟಿದ್ದೇನೆ. ಬಣ್ಣ ಬಳಿಯುವವರಿಗೆ ಫೋನ್ ಮಾಡಿ ಬಿಲ್ ಕಟ್ಟಬೇಡಿ ಅಂದೆ. ಶುಕ್ರವಾರ ಬರುತ್ತಾರೆ. ನೋಟ್‌ಬುಕ್ ತನ್ನಿ ಅಂತಲೂ ಹೇಳಿದ್ದೇನೆ.