ಉರಿಯಿಲ್ಲದೆ ಮಸಿ ಹೇಗೆ? ಇಂಗಾಲದ ನಕ್ಷತ್ರಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಗುಂಪಿನ ನಿರ್ವಾಹಕರು: ಈ ವಾರ ಉತ್ತರ ಕೊಡುವವರು ನಮ್ಮ ಸಾಗರದ ಕಡೆಯವರು. ಮುಪ್ಪಿನ ನಕ್ಷತ್ರಗಳು ಹೊರಗೆ ಚೆಲ್ಲುವ ಅನಿಲ ಮತ್ತು ಧೂಳಿನ ಅಧ್ಯಯನ ಅವರ ಕೆಲಸ. ಕೇಳಿ.

ಪ್ರಶ್ನೆ (ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ತೀರ್ಥಹಳ್ಳಿ): ಮೇಡಂ, ವಯಸ್ಸಾದ ಕೆಲವು ನಕ್ಷತ್ರಗಳು ಮಸಿ ಉಗುಳುತ್ತವೆ ಅಂತ ಓದಿದೆ. ನಮ್ಮನೇಲಿ ಅಡಿಕೆ ಬೇಯಿಸುವಾಗ ಹಂಡೆಗೆ ಮಸಿ ಹಿಡಿಯುತ್ತೆ. ಅಲ್ಲಿ ಸೌದೆ ಇದೆ, ಬೆಂಕಿ ಇದೆ. ನಕ್ಷತ್ರದಲ್ಲಿ ಸೌದೆ ಥರ ಏನೂ ಉರಿಯಲ್ಲ ಅಲ್ವಾ? ಮತ್ತೆ ಮಸಿ ಎಲ್ಲಿಂದ?

ಉತ್ತರ: ಆ ಹಂಡೆಯನ್ನೇ ನೋಡು ಪುಟ್ಟಿ. ಒಲೆಗೆ ಗಾಳಿ ಚೆನ್ನಾಗಿ ಆಡಿದರೆ ಮಸಿ ಕಮ್ಮಿ. ಸೌದೆ ಒತ್ತಾಗಿ ತುರುಕಿ ಗಾಳಿ ಕಟ್ಟಿದರೆ ಮಸಿ ಜಾಸ್ತಿ. ಆಮ್ಲಜನಕ ಸಿಗದೆ ಉಳಿದುಹೋದ ಇಂಗಾಲವೇ ಮಸಿ. ನಕ್ಷತ್ರದಲ್ಲೂ ಲೆಕ್ಕ ಇಷ್ಟೇ: ಇಂಗಾಲ ಜಾಸ್ತಿಯೋ, ಆಮ್ಲಜನಕ ಜಾಸ್ತಿಯೋ.

ಇಂಗಾಲ ಮತ್ತು ಆಮ್ಲಜನಕ ಸೇರಿ ಆಗುವ ಕಾರ್ಬನ್ ಮೊನಾಕ್ಸೈಡ್ ತುಂಬಾ ಗಟ್ಟಿ. ಎರಡೇ ಪರಮಾಣುಗಳ ಅಣುಗಳಲ್ಲಿ ಅದಕ್ಕಿಂತ ಬಲವಾದ ಬಂಧ ಬೇರೆ ಇಲ್ಲ. ನಕ್ಷತ್ರದ ಹೊರಭಾಗ ತಣಿಯುತ್ತಿದ್ದ ಹಾಗೆ ಇವೆರಡೂ ಮೊದಲು ಜೊತೆಯಾಗುತ್ತವೆ. ಯಾವುದು ಕಮ್ಮಿ ಇದೆಯೋ ಅದು ಪೂರ್ತಿ ಖರ್ಚಾಗುತ್ತದೆ. ಆಮ್ಲಜನಕ ಉಳಿದರೆ ನೀರಿನ ಆವಿ ಮತ್ತು ಸಿಲಿಕೇಟ್ ಧೂಳು, ಅಂದರೆ ಕಲ್ಲಿನ ಜಾತಿಯ ಪುಡಿ ಆಗುತ್ತದೆ. ಇಂಗಾಲ ಉಳಿದರೆ ಅಸಿಟಿಲಿನ್, ಹೈಡ್ರೋಜನ್ ಸಯನೈಡ್ ಥರದ ಅಣುಗಳು. ಅಸಿಟಿಲಿನ್ ಅಂದರೆ ಗ್ಯಾಸ್ ವೆಲ್ಡಿಂಗ್ ಅಂಗಡಿಯಲ್ಲಿ ಬಳಸುವ ಅದೇ ಅನಿಲ. ಅದರ ಅಣುಗಳು ಒಂದಕ್ಕೊಂದು ಸೇರಿ ಉಂಗುರಗಳಾಗಿ, ಉಂಗುರಗಳು ಬೆಳೆದು ಮಸಿಯ ಕಣ ಆಗುತ್ತವೆ. ಮಸಿ ಹಿಡಿದ ಜ್ವಾಲೆಯಲ್ಲಿ ನಡೆಯುವುದೂ ಹೆಚ್ಚು ಕಮ್ಮಿ ಇದೇ. ಜೊತೆಗೆ ಸಿಲಿಕಾನ್ ಕಾರ್ಬೈಡ್ ಕಣಗಳೂ ಹುಟ್ಟುತ್ತವೆ. ಉಜ್ಜುಕಾಗದದ ಮೇಲೆ ಅಂಟಿಸಿರುತ್ತಾರಲ್ಲ, ಅದೇ ವಸ್ತು.

ಪ್ರಶ್ನೆ (ಪ್ರೌಢಶಾಲೆ ವಿಜ್ಞಾನ ಶಿಕ್ಷಕರು, ಶಿವಮೊಗ್ಗ): ನಕ್ಷತ್ರ ಅಂದರೆ ಹೈಡ್ರೋಜನ್, ಹೀಲಿಯಂ ಅಂತ ನಾವು ಪಾಠ ಮಾಡುತ್ತೇವೆ. ಇಷ್ಟೊಂದು ಇಂಗಾಲ ಎಲ್ಲಿಂದ ಬಂತು? ನಮ್ಮ ಸೂರ್ಯನೂ ಹೀಗಾಗುತ್ತಾನಾ?

ಉತ್ತರ: ನೀವು ಹೇಳಿಕೊಡುವುದು ಸರಿಯೇ ಸರ್. ಈ ನಕ್ಷತ್ರಗಳಲ್ಲೂ ಬಹುಪಾಲು ಹೈಡ್ರೋಜನ್ನೇ. ಆದರೆ ಮುಪ್ಪಿನಲ್ಲಿ ಒಳಗಡೆ ಮೂರು ಹೀಲಿಯಂ ನ್ಯೂಕ್ಲಿಯಸ್‌ಗಳು ಸೇರಿ ಒಂದು ಇಂಗಾಲ ಆಗುತ್ತದೆ. ಆಗಾಗ ಹೀಲಿಯಂ ಪದರ ಒಮ್ಮೆಲೇ ಜೋರಾಗಿ ಕೆಲಸ ಮಾಡುತ್ತದೆ. ಅದಾದ ಮೇಲೆ ಹೊರಪದರದ ಕುದಿತ ಒಳಗಿನವರೆಗೂ ಇಳಿದು ಇಂಗಾಲವನ್ನು ಮೇಲಕ್ಕೆ ತರುತ್ತದೆ. ಇದು ಮತ್ತೆ ಮತ್ತೆ ನಡೆದು, ಒಂದು ಹಂತದಲ್ಲಿ ಇಂಗಾಲ ಆಮ್ಲಜನಕವನ್ನು ಮೀರುತ್ತದೆ. ಆಗ ಅದನ್ನು ಇಂಗಾಲದ ನಕ್ಷತ್ರ ಅನ್ನುತ್ತೇವೆ. ಸಾಮಾನ್ಯವಾಗಿ ಸೂರ್ಯನ ಒಂದೂವರೆ ಪಟ್ಟಿನಿಂದ ನಾಲ್ಕು ಪಟ್ಟು ತೂಕದ ನಕ್ಷತ್ರಗಳ ಕಥೆ ಇದು. ಸೂರ್ಯ ಅಷ್ಟು ಭಾರ ಇಲ್ಲ.

ಒಳಗಿಂದ ಹೊಸ ಸರಕು ಮೇಲೆ ಬರುತ್ತದೆ ಅನ್ನುವುದಕ್ಕೆ ಮಕ್ಕಳಿಗೆ ಹೇಳಬಹುದಾದ ಸಾಕ್ಷಿ ಒಂದಿದೆ. 1952ರಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ಪಾಲ್ ಮೆರಿಲ್ ಇಂಥ ಮುದಿ ನಕ್ಷತ್ರಗಳಲ್ಲಿ ಟೆಕ್ನೀಶಿಯಂ ಕಂಡರು. ಅದು ಹೆಚ್ಚೆಂದರೆ ಕೆಲವು ದಶಲಕ್ಷ ವರ್ಷದಲ್ಲಿ ಅರ್ಧ ಕ್ಷಯಿಸುವ ಧಾತು. ನಕ್ಷತ್ರದ ವಯಸ್ಸು ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಹುಟ್ಟುವಾಗಲೇ ಇದ್ದಿದ್ದರೆ ಇಷ್ಟರಲ್ಲಿ ಮುಗಿದುಹೋಗಬೇಕಿತ್ತು. ಅಲ್ಲೇ, ಇತ್ತೀಚೆಗೆ ತಯಾರಾದದ್ದು ಅದು.

ಪ್ರಶ್ನೆ (ಅಡಿಕೆ ಬೆಳೆಗಾರರು, ಸಾಗರ): ತಂಗಿ, ಅಷ್ಟು ದೂರದಲ್ಲಿ ಇಂಥ ಅನಿಲವೇ ಇದೆ ಅಂತ ಇಲ್ಲಿ ಕೂತು ಹೇಗೆ ಹೇಳುತ್ತೀರಿ? ಉಪ್ಪೂ ಸಿಕ್ಕಿದೆ ಅಂತ ಮೊಮ್ಮಗ ಹೇಳಿದ. ನಂಬಬಹುದಾ?

ಉತ್ತರ: ನಂಬಬಹುದು ಅಣ್ಣ. ಅಡುಗೆಮನೆ ಉಪ್ಪೇ, ಆದರೆ ಆವಿ ರೂಪದಲ್ಲಿ, ಬಿಡಿ ಬಿಡಿ ಅಣುವಾಗಿ. 1987ರಲ್ಲಿ ಸೆರ್ನಿಚಾರೊ ಮತ್ತು ಗೆಲಾನ್ ಅನ್ನುವ ಖಗೋಳ ವಿಜ್ಞಾನಿಗಳು ಪತ್ತೆ ಮಾಡಿದರು.

ಅಣುಗಳು ತಿರುಗುತ್ತಿರುತ್ತವೆ. ತಿರುಗುವ ವೇಗ ಒಂದು ಮೆಟ್ಟಿಲು ಇಳಿದಾಗ ರೇಡಿಯೋ ಅಲೆ ಹೊರಡುತ್ತದೆ. ಆ ಅಲೆಯ ಕಂಪನ ಒಂದೊಂದು ಅಣುವಿಗೂ ಬೇರೆ ಬೇರೆ. ಕಾರ್ಬನ್ ಮೊನಾಕ್ಸೈಡ್‌ಗೆ 115 ಗಿಗಾಹರ್ಟ್ಸ್‌ನಲ್ಲಿ ಒಂದು, ಹೈಡ್ರೋಜನ್ ಸಯನೈಡ್‌ಗೆ 88.6ರಲ್ಲಿ ಒಂದು. ಒಂದೇ ಅಣುವಿಗೆ ಇಂಥ ಹಲವು ಗೆರೆಗಳು. ಲ್ಯಾಬಿನಲ್ಲಿ ಅಳೆದ ಗೆರೆಗಳೂ ಆಕಾಶದಿಂದ ಬಂದ ಗೆರೆಗಳೂ ತಾಳೆ ಆದರೆ ಮಾತ್ರ ಇಂಥ ಅಣು ಇದೆ ಅನ್ನುತ್ತೇವೆ. ಗೆರೆ ಎಷ್ಟು ಅಗಲ ಇದೆ ಅನ್ನುವುದರಿಂದ ಅನಿಲ ಹರಿಯುವ ವೇಗವೂ ಗೊತ್ತಾಗುತ್ತದೆ. ಈ ಅಲೆಗಳನ್ನು ಗಾಳಿಯಲ್ಲಿರುವ ನೀರಿನ ಆವಿ ಹೀರುತ್ತದೆ. ನಮ್ಮ ಆಗುಂಬೆಯಂಥ ಕಡೆ ಇಂಥ ದೂರದರ್ಶಕ ಇಟ್ಟು ಪ್ರಯೋಜನವಿಲ್ಲ. ಅದಕ್ಕೇ ಚಿಲಿಯ ಅಟಕಾಮಾ ಮರುಭೂಮಿಯಲ್ಲಿ, 5000 ಮೀಟರ್ ಎತ್ತರದಲ್ಲಿ ‘ಆಲ್ಮಾ’ ಕಟ್ಟಿದ್ದಾರೆ.

ಉಪ್ಪು ಸಿಕ್ಕ ನಕ್ಷತ್ರದ ಹೆಸರು ಸಿಡಬ್ಲ್ಯೂ ಲಿಯೋನಿಸ್. ನಾವು ಮಘೆ ಮಳೆ ಅನ್ನುತ್ತೇವಲ್ಲ, ಆ ಮಘಾ ನಕ್ಷತ್ರದಿಂದ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದೆ. ದೂರ ಸುಮಾರು 400 ಜ್ಯೋತಿರ್ವರ್ಷ. ಸೂರ್ಯನ ಜಾಗದಲ್ಲಿಟ್ಟರೆ ಮಂಗಳನ ಕಕ್ಷೆಯನ್ನೂ ನುಂಗುವಷ್ಟು ದೊಡ್ಡದು. ಆದರೂ ಕಣ್ಣಿಗೆ ಕಾಣುವುದಿಲ್ಲ, ಅದರ ಮಸಿಯೇ ಅದನ್ನು ಮುಚ್ಚಿದೆ. ಬೆಳಕನ್ನೆಲ್ಲ ಮಸಿ ಹೀರಿ ಶಾಖವಾಗಿ ಬಿಡುತ್ತದೆ. ಹಾಗಾಗಿ 1960ರ ದಶಕದ ಇನ್‌ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ ಶಾಖದ ಬೆಳಕಿನ ಸಮೀಕ್ಷೆಯಲ್ಲಿ ಮೊದಲು ಸಿಕ್ಕಿತು. ಅದೇ ಬೆಳಕಿನ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಐದು ಪಾಲು) ಉದ್ದದ ಅಲೆಯಲ್ಲಿ ನೋಡಿದರೆ, ಸೌರವ್ಯೂಹದ ಆಚೆ ಅದಕ್ಕಿಂತ ಪ್ರಕಾಶ ಇನ್ನೊಂದಕ್ಕಿಲ್ಲ. ಇದೊಂದರ ಸುತ್ತಲೇ 80ಕ್ಕಿಂತ ಹೆಚ್ಚು ಬಗೆಯ ಅಣುಗಳು ಸಿಕ್ಕಿವೆ.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಆ ಮಸಿ ಹೊರಗೆ ಹೋಗುವುದು ಹೇಗೆ? ಗುರುತ್ವ ಎಳೆದುಕೊಳ್ಳಲ್ವಾ?

ಉತ್ತರ: ಎಳೆಯುತ್ತದೆ. ಆದರೆ ಬೆಳಕು ಅದಕ್ಕಿಂತ ಜೋರಾಗಿ ತಳ್ಳುತ್ತದೆ. ಆ ನಕ್ಷತ್ರ ಸುಮಾರು 640 ದಿನಕ್ಕೊಮ್ಮೆ ಹಿಗ್ಗಿ ಕುಗ್ಗುತ್ತದೆ. ಹಿಗ್ಗಿದಾಗ ಹೊರಪದರದ ಅನಿಲ ಮೇಲೆ ಎಸೆಯಲ್ಪಟ್ಟು ತಣಿಯುತ್ತದೆ. ಅಲ್ಲಿ ಮಸಿ ಕಣ ಹುಟ್ಟುತ್ತದೆ. ಕಪ್ಪು ಕಣ ಬೆಳಕನ್ನು ಚೆನ್ನಾಗಿ ಹೀರುವುದರಿಂದ ಹೊರಕ್ಕೆ ನೂಕಲ್ಪಡುತ್ತದೆ. ಹೋಗುವಾಗ ಸುತ್ತಲಿನ ಅನಿಲಕ್ಕೆ ಡಿಕ್ಕಿ ಹೊಡೆಯುತ್ತಾ ಅದನ್ನೂ ಎಳೆದೊಯ್ಯುತ್ತದೆ. ತೂಕದಲ್ಲಿ ಧೂಳು ಅನಿಲದ ನೂರರಲ್ಲಿ ಒಂದು ಪಾಲಿನ ಆಸುಪಾಸು, ಆದರೆ ನಡೆಸುವುದು ಅದೇ. ಸಿಡಬ್ಲ್ಯೂ ಲಿಯೋನಿಸ್‌ನಿಂದ ಸೆಕೆಂಡಿಗೆ ಸುಮಾರು 14.5 ಕಿಲೋಮೀಟರ್ ವೇಗದಲ್ಲಿ ಹರಿಯುತ್ತಿದೆ. ವರ್ಷಕ್ಕೆ ಆರೇಳು ಭೂಮಿಯಷ್ಟು ತೂಕ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದು. ಕಣ್ಣಿಗೆ ಕಾಣದಷ್ಟು ಸಣ್ಣ ಮಸಿ ಕಣ ಒಂದು ನಕ್ಷತ್ರದ ಕೊನೆಗಾಲವನ್ನು ತೀರ್ಮಾನಿಸುತ್ತದೆ.

ಪ್ರಶ್ನೆ (ರಸಾಯನಶಾಸ್ತ್ರ ಎಂ.ಎಸ್ಸಿ., ಹೊಸನಗರ): ಅಕ್ಕಾ, ಒಂದು ತಕರಾರು. ಆಮ್ಲಜನಕ ಪೂರ್ತಿ ಕಾರ್ಬನ್ ಮೊನಾಕ್ಸೈಡ್‌ನಲ್ಲಿ ಸಿಕ್ಕಿಹಾಕಿಕೊಂಡಿದೆ ಅಂದಿರಿ. ಆದರೆ ಸಿಡಬ್ಲ್ಯೂ ಲಿಯೋನಿಸ್‌ನಲ್ಲೇ ನೀರಿನ ಆವಿ ಸಿಕ್ಕಿದೆ ಅಲ್ವಾ?

ಉತ್ತರ: ಸಿಕ್ಕಿದೆ, 2001ರಲ್ಲಿ. ಆಗ ನಮ್ಮ ಕ್ಷೇತ್ರದವರೆಲ್ಲ ತಲೆ ಕೆರೆದುಕೊಂಡರು. ಸುತ್ತಲಿದ್ದ ಧೂಮಕೇತುಗಳು ಕಾದು ಆವಿಯಾಗುತ್ತಿರಬಹುದು ಅನ್ನುವುದು ಮೊದಲ ವಿವರಣೆ. 2010ರಲ್ಲಿ ಹರ್ಷೆಲ್ ದೂರದರ್ಶಕಕ್ಕೆ ನಕ್ಷತ್ರದ ತೀರಾ ಹತ್ತಿರ, ಧೂಮಕೇತು ಉಳಿಯಲಾರದ ಜಾಗದಲ್ಲೇ ನೀರಿನ ಬಿಸಿ ಆವಿ ಕಂಡಿತು. ಅಲ್ಲಿಗೆ ಧೂಮಕೇತುವಿನ ವಾದ ಸೋತಿತು. ಧೂಳಿನ ಹೊದಿಕೆ ಒಂದೇ ಸಮ ಇಲ್ಲ, ಸಂದುಗಳಿಂದ ನೇರಳಾತೀತ ಬೆಳಕು ಒಳಗೆ ಬಂದು ಅಣುಗಳನ್ನು ಒಡೆದು ಆಮ್ಲಜನಕ ಬಿಡಿಸುತ್ತದೆ ಅನ್ನುವುದು ಆಗ ಬಂದ ವಿವರಣೆ. ನಕ್ಷತ್ರ ಹಿಗ್ಗಿ ಕುಗ್ಗುವಾಗ ಏಳುವ ಆಘಾತದ ಅಲೆಗಳೂ ಒಡೆಯಬಲ್ಲವು. ಹಾಗಾಗಿ ನಾನು ಮೇಲೆ ಹೇಳಿದ ಲೆಕ್ಕ ದೊಡ್ಡ ಮಟ್ಟಿಗೆ ಸರಿ, ಚೂರುಪಾರು ಸೋರಿಕೆ ಇದ್ದೇ ಇದೆ.

ನೀವು ಕೆಮಿಸ್ಟ್ರಿಯವರು, ಇದೂ ಗೊತ್ತಿರಲಿ. 1985ರಲ್ಲಿ ಬ್ರಿಟನ್ನಿನ ರಸಾಯನ ವಿಜ್ಞಾನಿ ಕ್ರೋಟೊ ಅಮೆರಿಕಕ್ಕೆ ಹೋಗಿ ಅಲ್ಲಿನ ಸ್ಮಾಲಿ, ಕರ್ಲ್ ಜೊತೆ ಗ್ರಾಫೈಟ್‌ಗೆ ಲೇಸರ್ ಹೊಡೆಸಿದ್ದು ಇಂಥ ನಕ್ಷತ್ರಗಳಲ್ಲಿ ಉದ್ದುದ್ದ ಇಂಗಾಲದ ಸರಪಳಿ ಹೇಗಾಗುತ್ತದೆ ಅಂತ ನೋಡಲು. ಸಿಕ್ಕಿದ್ದು 60 ಪರಮಾಣುಗಳ ಚೆಂಡು, ಫುಲ್ಲರೀನ್. 1996ರ ನೊಬೆಲ್ ಅದಕ್ಕೇ.

ಪ್ರಶ್ನೆ (ಗೃಹಿಣಿ, ಹೊಸನಗರ): ಆ ಧೂಳು ನಮ್ಮ ಭೂಮಿಗೂ ಬಂದಿದೆಯಾ?

ಉತ್ತರ: ಬಂದಿದೆ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ ಸಿಲಿಕಾನ್ ಕಾರ್ಬೈಡ್ ಕಣಗಳಿವೆ. ಅವುಗಳಲ್ಲಿ ಬಹುಪಾಲು ಇಂಗಾಲದ ನಕ್ಷತ್ರಗಳಲ್ಲಿ ಹುಟ್ಟಿದವು. ಅವುಗಳ ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು) ಪ್ರಮಾಣ ಸೌರವ್ಯೂಹದ ಯಾವ ವಸ್ತುವಿಗೂ ಹೊಂದುವುದಿಲ್ಲ. ಕೆಲವು ಕಣ ಸೂರ್ಯನಿಗಿಂತ ನೂರಾರು ಕೋಟಿ ವರ್ಷ ಹಳೆಯವು ಅಂತ 2020ರಲ್ಲಿ ಲೆಕ್ಕ ಹಾಕಿದರು.

ಪ್ರಶ್ನೆ (ಆಟೋ ಚಾಲಕರು, ಶಿವಮೊಗ್ಗ): ನಮಗೆ ಕಾಣುವಂಥ ಇಂಗಾಲದ ನಕ್ಷತ್ರ ಯಾವುದಾದರೂ ಇದ್ಯಾ ಮೇಡಂ? ನನ್ನ ಹತ್ರ ಬೈನಾಕ್ಯುಲರ್ ಇದೆ.

ಉತ್ತರ: ಇದೆ, ಆರ್ ಲೆಪೋರಿಸ್. ಜನವರಿಯಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ದಕ್ಷಿಣಕ್ಕೆ ಮುಖ ಮಾಡಿ. ಓರಿಯನ್ ಪುಂಜದ ನೀಲಿ ರೈಜಲ್ ಹುಡುಕಿ. ಅಲ್ಲಿಂದ ಕೆಳಗೆ, ಸ್ವಲ್ಪ ಪಶ್ಚಿಮಕ್ಕೆ ಏಳೆಂಟು ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ ಆಗುತ್ತದೆ, ಅದಕ್ಕಿಂತ ಸ್ವಲ್ಪ ಕಮ್ಮಿ. ಕೆಂಡದಂಥ ಕೆಂಪು. ಇಂಗಾಲದ ಅಣುಗಳು ನೀಲಿ ಬೆಳಕನ್ನು ನುಂಗುವುದರಿಂದ ಆ ಬಣ್ಣ. ನಮ್ಮೂರುಗಳ ತೋಟದೊಳಗೆ ಆಕಾಶ ಸಿಗುವುದಿಲ್ಲ, ಬ್ಯಾಣಕ್ಕೋ ಗದ್ದೆ ಬಯಲಿಗೋ ಬನ್ನಿ. ಅದರ ಹೊಳಪು ಸುಮಾರು 430 ದಿನಕ್ಕೊಮ್ಮೆ ಏರಿಳಿಯುತ್ತದೆ. ಪೂರ್ತಿ ಮಂಕಾದಾಗ ಬೈನಾಕ್ಯುಲರಿಗೂ ಸಿಗುವುದಿಲ್ಲ. ಹೊಳಪು ಬದಲಾಗುವ ನಕ್ಷತ್ರಗಳನ್ನು ಗಮನಿಸುವವರ ಸಂಘ ಎಎವಿಎಸ್‌ಒ (AAVSO) ಜಾಲತಾಣದಲ್ಲಿ ಆವತ್ತಿನ ಹೊಳಪು ನೋಡಿಕೊಂಡೇ ಹೊರಡಿ.